ಸಂಗೀತಶಾಸ್ತ್ರದ ಹಳೇ ಗ್ರಂಥಗಳು: ಯಾವ ಮರುಮುದ್ರಣವನ್ನು ನಂಬಬಹುದು?

ಮಂದ್ರಸಪ್ತಕ

ಎಲ್ಲರಿಗೂ ನಮಸ್ಕಾರ. ಹಾಡುಗಾರಿಕೆ ಕಲಿಯುತ್ತಿದ್ದೇನೆ. ಶಾಸ್ತ್ರವನ್ನು ಪರೀಕ್ಷೆಯ ಗೈಡುಗಳಲ್ಲಿ ಓದಿ ಸಾಕಾಗಿದೆ, ಮೂಲವನ್ನೇ ನೋಡಬೇಕು ಅನ್ನೋ ಹಠ ಹುಟ್ಟಿದೆ. 13ನೇ ಶತಮಾನದ ಸಂಸ್ಕೃತ ಗ್ರಂಥ, ಶಾರ್ಙ್ಗದೇವನ ಸಂಗೀತ ರತ್ನಾಕರವನ್ನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಗಟ್ಟಿ ರಟ್ಟು, ಹೊಳೆಯುವ ಮುಖಪುಟ. ಒಳಗೆ ಮಾತ್ರ ಯಾವುದೋ ಹಳೇ ಪ್ರತಿಯ ಸ್ಕ್ಯಾನ್. ಸಂಪಾದಕರು ಯಾರು, ಮೊದಲು ಎಲ್ಲಿ ಯಾವಾಗ ಅಚ್ಚಾಯಿತು, ಒಂದೂ ಇಲ್ಲ. ಪೀಠಿಕೆ ಇಲ್ಲ. ಕೆಲವು ಪುಟಗಳಲ್ಲಿ ಅಂಚಿನ ಅಕ್ಷರಗಳೇ ಕತ್ತರಿಸಿ ಹೋಗಿವೆ. ಹಿಂಬದಿಯಲ್ಲಿ ‘ಅಪರೂಪದ ಗ್ರಂಥವನ್ನು ಉಳಿಸುವ ಪ್ರಯತ್ನ’ ಅಂತ ಬರೆದಿದ್ದಾರೆ.

ಇದು ಯಾವ ಆವೃತ್ತಿ ಅಂತ ಕಂಡುಹಿಡಿಯುವುದು ಹೇಗೆ? ಇಟ್ಟುಕೊಳ್ಳಬಹುದಾ, ಬೇರೆ ತೆಗೆದುಕೊಳ್ಳಲಾ?

ಹಳೇಪುಸ್ತಕ

ಶ್ಲೋಕದ ಕೆಳಗೆ ಎಷ್ಟು ವ್ಯಾಖ್ಯಾನ ಇದೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬರೀ ಕಲ್ಲಿನಾಥನ ವ್ಯಾಖ್ಯಾನ ಇದ್ದರೆ ಅದು ಪುಣೆಯ ಆನಂದಾಶ್ರಮ ಗ್ರಂಥಮಾಲೆಯ 35ನೇ ಗ್ರಂಥ. ಮಂಗೇಶ ರಾಮಕೃಷ್ಣ ತೇಲಂಗರು ಸಂಪಾದಿಸಿದ್ದು, 1896-97ರಲ್ಲಿ ಎರಡು ಭಾಗವಾಗಿ ಬಂದದ್ದು. ಕಲ್ಲಿನಾಥನ ಜೊತೆ ಸಿಂಹಭೂಪಾಲನೂ ಇದ್ದರೆ ಅದು ಅಡ್ಯಾರ್ ಗ್ರಂಥಾಲಯದ್ದು. ಎಸ್. ಸುಬ್ರಹ್ಮಣ್ಯ ಶಾಸ್ತ್ರಿಗಳ ಸಂಪಾದನೆ, ನಾಲ್ಕು ಸಂಪುಟ, 1943ರಿಂದ 1953ರವರೆಗೆ ಬಂತು. ಮೊದಲ ಅಧ್ಯಾಯ ಮಾತ್ರ ಇದ್ದು ಸಿಂಹಭೂಪಾಲನ ವ್ಯಾಖ್ಯಾನ ಇದ್ದರೆ 1879ರ ಕಲ್ಕತ್ತೆಯ ಅಚ್ಚು ಇರಬಹುದು, ಆದರೆ ಅದು ಈಗ ಕೈಗೆ ಸಿಗೋದು ಕಷ್ಟ.

ನೀವು ಹೇಳುವ ಲಕ್ಷಣ ನೋಡಿದರೆ ಆನಂದಾಶ್ರಮದ್ದೇ ಅನ್ನಿಸುತ್ತದೆ. ಹಳೆಯದಾದ್ದರಿಂದ ಯಾರು ಬೇಕಾದರೂ ಸ್ಕ್ಯಾನ್ ಮಾಡಿ ಮಾರುತ್ತಾರೆ.

ಸುಮ್ನೆಕೇಳುಗ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. 13ನೇ ಶತಮಾನದಲ್ಲಿ ದೇವಗಿರಿಯಲ್ಲಿ ಕೂತು ಬರೆದದ್ದನ್ನು ಓದಿ ಇವತ್ತು ಯಾರಾದರೂ ಕಚೇರಿ ಮಾಡುತ್ತಾರಾ? ಅಲ್ಲಿನ ರಾಗದ ಹೆಸರು ಇಲ್ಲಿದ್ದರೂ ರಾಗ ಬೇರೆ. ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿ ಬರೆದಾಗ ಮುಖಾರಿ ಅಂದರೆ ಶುದ್ಧಸ್ವರಗಳ ಮೇಳ (ರಾಗಗಳಿಗೆ ಆಧಾರವಾದ ಏಳು ಸ್ವರಗಳ ಗುಂಪು), ಅಂದರೆ ಇವತ್ತಿನ ಕನಕಾಂಗಿಯ ಸ್ವರಗಳು. ನಾವು ಕೇಳುವ ಮುಖಾರಿಗೂ ಅದಕ್ಕೂ ಏನು ಸಂಬಂಧ? ಉಳಿಸೋದು ಸರಿ, ಆದರೆ ಇಷ್ಟೊಂದು ಒದ್ದಾಟ ಯಾಕೆ?

ಓಲೆಗರಿ

ಸುಮ್ನೆಕೇಳುಗ ಅವರೇ, ಮುಖಾರಿ ಹಾಗಿತ್ತು ಅಂತ ನಿಮಗೆ ಗೊತ್ತಾಗಿದ್ದಾದರೂ ಹೇಗೆ? ರಾಮಾಮಾತ್ಯನ ಪುಸ್ತಕವನ್ನು ಯಾರೋ ಅಚ್ಚು ಹಾಕಿದ್ದರಿಂದ. ಅಣ್ಣಾಮಲೈ ವಿಶ್ವವಿದ್ಯಾಲಯ 1932ರಲ್ಲಿ ತಂದ ಆವೃತ್ತಿ ಇಲ್ಲದಿದ್ದರೆ ನಿಮ್ಮ ವಾದಕ್ಕೆ ಉದಾಹರಣೆಯೇ ಇರುತ್ತಿರಲಿಲ್ಲ!

ಈ ಗ್ರಂಥಗಳಲ್ಲಿ ಎಷ್ಟೋ ಒಂದು ಅಥವಾ ಎರಡು ಓಲೆಪ್ರತಿಗಳ ಮೇಲೆ ನಿಂತಿದ್ದವು. ಮತಂಗನ ಬೃಹದ್ದೇಶಿಯನ್ನೇ ನೋಡಿ. ರಾಗ ಅಂದರೆ ಏನು ಅಂತ ಲಕ್ಷಣ ಹೇಳಿದ ಮೊದಲ ಗ್ರಂಥ ಅದು. 1928ರಲ್ಲಿ ತಿರುವನಂತಪುರ ಸಂಸ್ಕೃತ ಮಾಲೆಯಲ್ಲಿ ಕೆ. ಸಾಂಬಶಿವ ಶಾಸ್ತ್ರಿಗಳು ಅಚ್ಚು ಹಾಕಿಸಿದರು. ಅದೂ ಪೂರ್ತಿ ಸಿಕ್ಕಿಲ್ಲ. ಪ್ರಬಂಧದ (ಆಗಿನ ಹಾಡಿನ ರಚನೆಗಳ) ಅಧ್ಯಾಯ ಮುಗಿಸಿ ಮುಂದೆ ವಾದ್ಯ ಅನ್ನುವಲ್ಲಿಗೆ ಪಠ್ಯ ನಿಂತುಬಿಡುತ್ತದೆ. ಎರಡು ವರ್ಷದ ನಂತರ ಅದೇ ಮಾಲೆಯಲ್ಲಿ ದತ್ತಿಲಂ ಬಂತು. ಸುಮಾರು 240 ಶ್ಲೋಕದ ಪುಟ್ಟ ಪುಸ್ತಕ. ನಾಟ್ಯಶಾಸ್ತ್ರದ ಭರತನ ಕಾಲಕ್ಕೆ ಹತ್ತಿರದ ಗಾಂಧರ್ವ ಅನ್ನುವ ಹಳೇ ಸಂಗೀತ ಪದ್ಧತಿಯನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಓಲೆಗರಿಗೆ ಆಯುಸ್ಸು ಇದೆ. ಚೆನ್ನಾಗಿ ಎಣ್ಣೆ ಹಚ್ಚಿ ಇಟ್ಟರೂ ಮುನ್ನೂರು ನಾನ್ನೂರು ವರ್ಷ ದಾಟುವುದು ಅಪರೂಪ. ಅದಕ್ಕೇ ಹಿಂದಿನವರು ತಲೆಮಾರಿಗೊಮ್ಮೆ ಪ್ರತಿ ಮಾಡಿಸುತ್ತಿದ್ದರು. ಸಂಗೀತಶಾಸ್ತ್ರಕ್ಕೆ ಇನ್ನೊಂದು ಕಷ್ಟ ಇತ್ತು. ವೇದ, ವ್ಯಾಕರಣದ ಗ್ರಂಥವನ್ನು ಪಾಠ ಮಾಡುವವರು ಬೇಕಾದಷ್ಟು ಇದ್ದರು, ಹಾಗಾಗಿ ಪ್ರತಿಗಳೂ ಜಾಸ್ತಿ. ಸಂಗೀತಗಾರರು ಬಾಯಿಪಾಠದಲ್ಲಿ ಕಲಿತರು, ಗ್ರಂಥ ಅವರಿಗೆ ಬೇಕಿರಲಿಲ್ಲ. ಪ್ರತಿ ಮಾಡಿದ ಲಿಪಿಕಾರನಿಗೆ ಸಂಗೀತ ಬರುತ್ತಿರಲಿಲ್ಲ. ರಾಗದ ಹೆಸರು, ತಾಳದ ಗುರುತು ಎಲ್ಲ ಅವನ ಕೈಯಲ್ಲಿ ಏನೇನೋ ಆಗಿವೆ.

ವೆಂಕಟಮಖಿಯ ಚತುರ್ದಂಡಿ ಪ್ರಕಾಶಿಕೆ ಗೊತ್ತಲ್ವಾ? 72 ಮೇಳಗಳ ಲೆಕ್ಕ ಕೊಟ್ಟ ಪುಸ್ತಕ. ನನ್ನ 72ಕ್ಕೆ ಒಂದು ಸೇರಿಸೋದು ಕಳೆಯೋದು ಶಿವನಿಂದಲೂ ಆಗದು ಅಂತ ಹೇಳಿಕೊಂಡ ಮನುಷ್ಯ, ರಾಮಾಮಾತ್ಯನನ್ನು ಬಾಯಿಗೆ ಬಂದ ಹಾಗೆ ಬೈದವನು. ಆ ಗ್ರಂಥಕ್ಕೆ ಹತ್ತು ಪ್ರಕರಣ, ಅಂದರೆ ಅಧ್ಯಾಯ, ಇರಬೇಕು. ಒಂಬತ್ತನೆಯದಾದ ಪ್ರಬಂಧ ನಡುವೆ ಕಡಿದುಹೋಗಿದೆ. ಹತ್ತನೆಯ ತಾಳಪ್ರಕರಣ ಇಲ್ಲವೇ ಇಲ್ಲ. ಬರೆದು ನಾನ್ನೂರು ವರ್ಷ ಕೂಡ ಆಗಿಲ್ಲ. ಒದ್ದಾಟ ಯಾಕೆ ಅಂತ ಕೇಳಿದಿರಿ, ಇದಕ್ಕೆ.

ಲಯಗಣಿತ

ನಾನು ಮೃದಂಗದವನು, ಸಂಸ್ಕೃತ ಅಷ್ಟಕ್ಕಷ್ಟೆ. ಆದರೆ ಮಂದ್ರಸಪ್ತಕ ಅವರಿಗೆ ಒಂದು ಉಪಾಯ ಹೇಳಿಕೊಡಬಲ್ಲೆ. ರತ್ನಾಕರದ ಮೊದಲ ಅಧ್ಯಾಯ ಸ್ವರಗತಾಧ್ಯಾಯದಲ್ಲಿ ಖಂಡಮೇರು ಅಂತ ಒಂದು ಕೋಷ್ಟಕ ಬರುತ್ತದೆ. ಏಳು ಸ್ವರಗಳನ್ನು ಎಷ್ಟು ರೀತಿ ಜೋಡಿಸಬಹುದು, ಇಷ್ಟನೆಯ ಜೋಡಣೆ ಯಾವುದು (ನಷ್ಟ), ಈ ಜೋಡಣೆ ಎಷ್ಟನೆಯದು (ಉದ್ದಿಷ್ಟ) ಅಂತ ಲೆಕ್ಕ ಹಾಕುವ ಮನೆಗಳು ಅವು.

ಕೋಷ್ಟಕದ ಅಂದ ಏನೆಂದರೆ ತಪ್ಪು ಅಚ್ಚಾದರೆ ಅದೇ ಹೇಳಿಬಿಡುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ಪ್ರತಿ ಕಂಬಸಾಲಿನ ತಳದ ಮನೆಗಳನ್ನು ಬರೆದುಕೊಳ್ಳಿ: 1, 1, 4, 18, 96, 600, 4320. ಕೂಡುತ್ತಾ ಹೋಗಿ. ಮೊದಲ ಎರಡು ಸೇರಿ 2, ಮೂರು ಸೇರಿ 6, ಆಮೇಲೆ 24, 120, 720, ಕೊನೆಗೆ 5040. ಎರಡು ಸ್ವರಕ್ಕೆ 2 ಜೋಡಣೆ, ಮೂರಕ್ಕೆ 6, ಏಳಕ್ಕೆ 5040. ಒಂದು ಅಂಕಿ ಹಾಳಾಗಿದ್ದರೂ ಮೊತ್ತ ತಪ್ಪುತ್ತದೆ. ಸ್ಕ್ಯಾನ್ ಪ್ರತಿಯಲ್ಲಿ 4320 ಹೋಗಿ 4820 ಆಗಿದ್ದರೆ ಸಂಸ್ಕೃತ ಬಾರದ ನಾನೂ ಹಿಡಿಯುತ್ತೇನೆ.

ತಾಳಾಧ್ಯಾಯಕ್ಕೆ ಈ ಭಾಗ್ಯ ಇಲ್ಲ. ಅಲ್ಲಿ 120 ದೇಶೀತಾಳಗಳಿವೆ, ಗುರುತುಗಳಲ್ಲಿ ಕೊಟ್ಟಿದ್ದಾರೆ. ಲಘುವಿಗೆ ನೇರ ಗೆರೆ, ಗುರುವಿಗೆ ಬಳುಕಿದ ಗೆರೆ, ಪ್ಲುತಕ್ಕೆ ಗುರುವಿನ ಮೇಲೆ ಒಂದು ಚಿಕ್ಕ ಗೀಟು. ಆ ಗೀಟು ಸ್ಕ್ಯಾನಿನಲ್ಲಿ ಮಾಸಿದರೆ ಮೂರು ಮಾತ್ರೆ ಹೋಗಿ ಎರಡಾಗುತ್ತದೆ. ತಾಳವೇ ಬೇರೆ ಆಯಿತು. ಯಾವ ಲೆಕ್ಕವೂ ಅದನ್ನು ಹಿಡಿಯುವುದಿಲ್ಲ. ಶ್ಲೋಕದಲ್ಲಿ ಮಾತಿನಲ್ಲೂ ಲಕ್ಷಣ ಹೇಳಿರುತ್ತಾನೆ, ಅದನ್ನೂ ಗುರುತನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅಷ್ಟೇ.

ಗ್ರಂಥಪಾಲಕಿ

ಲಯಗಣಿತ ಅವರ ಮಾತು ನೂರಕ್ಕೆ ನೂರು ನಿಜ. ಕಥೆ ಕಾದಂಬರಿಯಲ್ಲಿ ಒಂದು ಚುಕ್ಕೆ ಹೋದರೆ ಯಾರೂ ಸಾಯೋದಿಲ್ಲ. ಸಂಗೀತದ ಪುಸ್ತಕದಲ್ಲಿ ಸ್ವರದ ಕೆಳಗಿನ ಚುಕ್ಕೆ ಹೋದರೆ ಸ್ಥಾಯಿಯೇ ಹೋಯಿತು.

ಮರುಮುದ್ರಣ ಅಂತ ಮಾರಾಟವಾಗುವುದರಲ್ಲಿ ಬೇರೆ ಬೇರೆ ಜಾತಿ ಇವೆ. ಹಳೇ ಪುಸ್ತಕವನ್ನು ಪುಟಪುಟವಾಗಿ ಫೋಟೋ ತೆಗೆದು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿದ್ದು ಒಂದು. ಇದು ಪ್ರಾಮಾಣಿಕ ಕೆಲಸ, ಹಳೆಯ ತಪ್ಪುಗಳೂ ಹಾಗೇ ಬರುತ್ತವೆ, ಹೊಸ ತಪ್ಪು ಸೇರುವುದಿಲ್ಲ. ಹೊಸದಾಗಿ ಮೊಳೆ ಜೋಡಿಸಿಯೋ ಟೈಪ್ ಮಾಡಿಯೋ ಹಾಕಿದ್ದು ಇನ್ನೊಂದು. ಓದಲು ಚೆಂದ, ಆದರೆ ಕರಡು ತಿದ್ದಿದವರು ಯಾರು ಅನ್ನೋದೇ ಪ್ರಶ್ನೆ. ಆಮೇಲೆ ಈಗಿನ ಬೇಡಿಕೆಗೆ ತಕ್ಕ ಅಚ್ಚು. ಇಂಟರ್ನೆಟ್ಟಿನ ಕಡತವನ್ನು ಇಳಿಸಿಕೊಂಡು ಯಂತ್ರಕ್ಕೆ ಕೊಡುತ್ತಾರೆ, ನಡುವೆ ಯಾರೂ ಪುಟ ತಿರುಗಿಸಿ ನೋಡುವುದಿಲ್ಲ. ಮಂದ್ರಸಪ್ತಕ ಅವರಿಗೆ ಸಿಕ್ಕಿದ್ದು ಅದು.

ಯಾಕೆ ಪೀಠಿಕೆ ಮುಖ್ಯ ಅಂದರೆ ಒಂದು ಉದಾಹರಣೆ ಹೇಳುತ್ತೇನೆ. ನಾಟ್ಯಶಾಸ್ತ್ರವನ್ನು ಅಭಿನವಗುಪ್ತನ ವ್ಯಾಖ್ಯಾನದ ಜೊತೆ ಮಾನವಲ್ಲಿ ರಾಮಕೃಷ್ಣ ಕವಿಗಳು ಬರೋಡದ ಗಾಯಕವಾಡ ಮಾಲೆಗೆ ಸಂಪಾದಿಸಿದರು. ಸಂಪುಟಗಳು ಬಂದ ವರ್ಷ ನೋಡಿ: 1926, 1934, 1954, 1964. ಸಂಗೀತದ ಅಧ್ಯಾಯಗಳು ಇರುವುದು ಕೊನೆಯ ಸಂಪುಟದಲ್ಲಿ. ಅಂದರೆ ಮೊದಲ ಸಂಪುಟ ಕೊಂಡ ಸಂಗೀತದ ವಿದ್ಯಾರ್ಥಿ ತನಗೆ ಬೇಕಾದ್ದಕ್ಕೆ 38 ವರ್ಷ ಕಾಯಬೇಕಿತ್ತು! ವ್ಯಾಖ್ಯಾನದ ಹಸ್ತಪ್ರತಿಗಳು ಎಷ್ಟು ಕೆಟ್ಟಿದ್ದವು ಅಂದರೆ, ಸ್ವರ್ಗದಿಂದ ಅಭಿನವಗುಪ್ತನೇ ಇಳಿದು ಬಂದು ನೋಡಿದರೂ ತಾನು ಬರೆದದ್ದು ಏನು ಅಂತ ಸುಲಭವಾಗಿ ಸರಿಪಡಿಸಲಾರ ಎಂದು ಮಿತ್ರರೊಬ್ಬರು ಹೇಳಿದ್ದನ್ನು ಕವಿಗಳೇ ಮುನ್ನುಡಿಯಲ್ಲಿ ಬರೆದಿದ್ದಾರೆ. ಆ ಮುನ್ನುಡಿ ಕಿತ್ತುಹಾಕಿ ಪಠ್ಯ ಮಾತ್ರ ಮಾರಿದರೆ, ಓದುವವರು ಅದನ್ನು ಕಲ್ಲಿನಲ್ಲಿ ಕೆತ್ತಿದ ಮಾತು ಅಂದುಕೊಳ್ಳುತ್ತಾರೆ.

ಅದೇ ಮೊದಲ ಸಂಪುಟವನ್ನು 1956ರಲ್ಲಿ ಕೆ. ಎಸ್. ರಾಮಸ್ವಾಮಿ ಶಾಸ್ತ್ರಿಗಳು ಪರಿಷ್ಕರಿಸಿದರು. 1992ರಲ್ಲಿ ನಮ್ಮ ಧಾರವಾಡದ ಕೆ. ಕೃಷ್ಣಮೂರ್ತಿಯವರು ಮತ್ತೆ ಪರಿಷ್ಕರಿಸಿದರು. ಮಾಲೆ ಒಂದೇ, ಹೆಸರು ಒಂದೇ, ಒಳಗಿನ ಪಾಠ ಬೇರೆ. ಯಾವುದರ ಮರುಮುದ್ರಣ ಅಂತ ಹೇಳದಿದ್ದರೆ ಆ ಪುಸ್ತಕವನ್ನು ಉಲ್ಲೇಖಿಸುವುದೇ ಕಷ್ಟ.

ಕೊಳ್ಳುವ ಮೊದಲು ಹೆಸರುಪುಟದ ಹಿಂಬದಿ ನೋಡಿ. ಮೂಲ ಆವೃತ್ತಿಯ ಊರು, ವರ್ಷ, ಸಂಪಾದಕರ ಹೆಸರು ಇದ್ದರೆ ಮುಂದಿನ ಮಾತು. ಕೊನೆಯಲ್ಲಿ ತಪ್ಪೊಪ್ಪೋಲೆ (ಅಚ್ಚಿನ ತಪ್ಪುಗಳ ಪಟ್ಟಿ) ಇದೆಯಾ ನೋಡಿ, ಮರುಮುದ್ರಣದಲ್ಲಿ ಮೊದಲು ಮಾಯವಾಗುವುದು ಅದೇ. ಮಡಚಿ ಇಟ್ಟ ದೊಡ್ಡ ಪಟ್ಟಿಗಳನ್ನು ಬಿಚ್ಚದೆ ಸ್ಕ್ಯಾನ್ ಮಾಡಿದ್ದಾರಾ ಅನ್ನೋದನ್ನೂ ಪರೀಕ್ಷಿಸಿ. ಮಡಚಿದ ಕಾಗದದ ಹಿಂಬದಿಯ ಚಿತ್ರ ಬಂದ ಪುಸ್ತಕಗಳನ್ನು ಬೇಕಾದಷ್ಟು ನೋಡಿದ್ದೇನೆ.

ಸುಮ್ನೆಕೇಳುಗ

ಸರಿ, ತಾಳಪ್ರಕರಣದ ವಿಷಯ ಕೇಳಿ ಹೊಟ್ಟೆ ಚುರ್ ಅಂದಿತು. ಆದರೂ ನನ್ನ ಪಕ್ಷ ಬಿಡಲ್ಲ. ನಿಮ್ಮ ಪ್ರಕಾರ ತಿದ್ದಿದ ಆವೃತ್ತಿ ಬರೋವರೆಗೆ ಯಾರೂ ಏನೂ ಅಚ್ಚು ಹಾಕಬಾರದಾ? 38 ವರ್ಷ ಕಾಯೋದಕ್ಕಿಂತ ಅಂಚು ಕತ್ತರಿಸಿದ ಸ್ಕ್ಯಾನೇ ವಾಸಿ ಅಲ್ವಾ?

ಹಳೇಪುಸ್ತಕ

ಇಲ್ಲಿ ನಾನು ಸುಮ್ನೆಕೇಳುಗರ ಪಕ್ಷ. ಮೊದಲು ಉಳಿಯಲಿ, ಆಮೇಲೆ ತಿದ್ದೋಣ. 1890ರ ದಶಕದ ಪುಸ್ತಕಗಳನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಮರದ ತಿರುಳಿನ ಕಾಗದ, ಅದರಲ್ಲಿ ಆಮ್ಲ ಇರುತ್ತದೆ, ಹಳದಿಯಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ಓಲೆಗರಿ ಮುನ್ನೂರು ವರ್ಷ ತಡೆದರೆ ಈ ಕಾಗದ ನೂರು ವರ್ಷಕ್ಕೇ ಸೋತಿದೆ. ಉಳಿಸಲು ಅಂತ ಅಚ್ಚು ಹಾಕಿದ್ದೇ ಮೂಲಕ್ಕಿಂತ ಬೇಗ ಪುಡಿಯಾಗುತ್ತಿದೆ.

ಬೇರೆ ಕಡೆಯೂ ಇದೇ ಕಥೆ. ಜರ್ಮನಿಯ ಸೇಂಟ್ ಬ್ಲೇಸಿಯನ್ ಮಠದ ಮಾರ್ಟಿನ್ ಗೆರ್ಬರ್ಟ್ ಮಧ್ಯಯುಗದ ಲ್ಯಾಟಿನ್ ಸಂಗೀತ ಗ್ರಂಥಗಳನ್ನು ಹುಡುಕಿ ಕೂಡಿಹಾಕುತ್ತಿದ್ದರು. 1768ರಲ್ಲಿ ಮಠಕ್ಕೆ ಬೆಂಕಿ ಬಿತ್ತು. ಆದರೂ ಬಿಡದೆ 1784ರಲ್ಲಿ ಮೂರು ಸಂಪುಟ ತಂದರು. ಅದರಲ್ಲಿ ತಪ್ಪಿಲ್ಲವೇ, ಇದೆ. ಆದರೂ 20ನೇ ಶತಮಾನದಲ್ಲಿ ಅದನ್ನೇ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದರು, ಯಾಕೆಂದರೆ ಎಲ್ಲರೂ ಅದರ ಪುಟಸಂಖ್ಯೆಯಲ್ಲೇ ಉಲ್ಲೇಖ ಕೊಡುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹಾಕಿ ಅನ್ನೋದಕ್ಕೆ ಇದೂ ಒಂದು ಕಾರಣ. ಹೊಸದಾಗಿ ಟೈಪ್ ಮಾಡಿದರೆ ಪುಟಗಳು ಬದಲಾಗಿ ಹಳೇ ಉಲ್ಲೇಖಗಳೆಲ್ಲ ದಿಕ್ಕು ತಪ್ಪುತ್ತವೆ.

ಓಲೆಗರಿ

ಇದ್ದ ಹಾಗೆ ಹಾಕಲಿ, ಬೇಡ ಅಂದವರು ಯಾರು? ಎಲ್ಲಿಂದ ತೆಗೆದದ್ದು ಅಂತ ಒಂದು ಸಾಲು ಬರೆಯಲು ಏನು ಕಷ್ಟ? ತೇಲಂಗರು ಹಸ್ತಪ್ರತಿಗಳನ್ನು ಹುಡುಕಿ, ಪಾಠಭೇದ ನೋಡಿ ಪುಸ್ತಕ ತಂದರು. ಅವರ ಹೆಸರನ್ನೇ ಅಳಿಸಿ ಮಾರುವುದನ್ನು ನಾನು ಉಳಿಸುವ ಕೆಲಸ ಅನ್ನುವುದಿಲ್ಲ.

ಅನುಮಂದ್ರ

ಎಲ್ಲರೂ ಸಂಸ್ಕೃತ ಗ್ರಂಥಗಳ ಬಗ್ಗೆಯೇ ಹೇಳುತ್ತಿದ್ದೀರಿ. ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ಯಾರೂ ಎತ್ತಲಿಲ್ಲ. 1904ರಲ್ಲಿ ಎಟ್ಟಯಪುರಂ ಸಂಸ್ಥಾನದ ವಿದ್ಯಾವಿಲಾಸಿನಿ ಮುದ್ರಣಾಲಯದಲ್ಲಿ ಅಚ್ಚಾಯಿತು. ತೆಲುಗು ಲಿಪಿ. ಮುತ್ತುಸ್ವಾಮಿ ದೀಕ್ಷಿತರ ಇನ್ನೂರಕ್ಕೂ ಹೆಚ್ಚು ಕೃತಿ, ವೆಂಕಟಮಖಿ ಸಂಪ್ರದಾಯದ ರಾಗಲಕ್ಷಣ, ಗೀತೆ, ತಾನ, ಎಲ್ಲ ಇದೆ. ಸ್ವರವನ್ನು ಅಲುಗಿಸುವ, ಜಾರಿಸುವ ಪ್ರತಿ ಗಮಕಕ್ಕೂ ಒಂದೊಂದು ಗುರುತು. ಕಂಪಿತಕ್ಕೆ ಅಲೆಯ ಗೆರೆ, ಜಾರುವಿಗೆ ಓರೆ ಗೆರೆ, ಹೀಗೆ. ಆ ಕಾಲದ ಮೊಳೆಗಳಲ್ಲಿ ಅದನ್ನು ಜೋಡಿಸಿದವರ ಕೈಗೆ ನಮಸ್ಕಾರ. ಈ ಕೆಲಸ ಮಾಡಲೇಬೇಕು ಅಂತ ದೀಕ್ಷಿತರ ಬೆನ್ನು ಹತ್ತಿದವರು ಚಿನ್ನಸ್ವಾಮಿ ಮೊದಲಿಯಾರರು. ಅವರು 1893ರಲ್ಲೇ ನಮ್ಮ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದವರು. ಪುಸ್ತಕ ಬಂದು ಎರಡೇ ವರ್ಷಕ್ಕೆ, 1906ರಲ್ಲಿ, ದೀಕ್ಷಿತರು ತೀರಿಕೊಂಡರು. ತಡಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ.

ಆಮೇಲೆ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ 1961ರಿಂದ ಅದನ್ನು ತಮಿಳು ಲಿಪಿಯಲ್ಲಿ ಭಾಗ ಭಾಗವಾಗಿ ತಂದಿತು. ಲಿಪಿ ಬದಲಾದರೆ ಸಾಹಿತ್ಯಕ್ಕೆ ಏನಾಗುತ್ತದೆ ಅನ್ನೋದು ಸಂಸ್ಕೃತ ಕೃತಿ ಹಾಡುವವರಿಗೆ ಗೊತ್ತು. ಆದರೆ ಆ ಆವೃತ್ತಿಯಿಂದಲೇ ಎಷ್ಟೋ ವಿದ್ವಾಂಸರು ಪಾಠಾಂತರ ಕಲಿತರು. ಅದಕ್ಕೆ ಸುಮ್ನೆಕೇಳುಗ ಅವರ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ಗ್ರಂಥ ನೋಡಿ ಕಚೇರಿ ಮಾಡುವವರು ಇದ್ದಾರೆ. ಪ್ರದರ್ಶಿನಿಯ ಪಾಠ ಹಾಡುತ್ತೇನೆ ಅಂತ ಹೇಳಿಯೇ ಹಾಡುತ್ತಾರೆ.

ಇನ್ನೊಂದು ವಿಷಯ. ಹಿಂದೂಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆಯವರು 1904ರ ದಕ್ಷಿಣ ಪ್ರವಾಸದಲ್ಲಿ ಎಟ್ಟಯಪುರಕ್ಕೆ ಹೋಗಿ ಇದೇ ದೀಕ್ಷಿತರನ್ನು ಕಂಡು ಚತುರ್ದಂಡಿ ಪ್ರಕಾಶಿಕೆಯ ಪ್ರತಿ ಪಡೆದರು. ಮೇಳಗಳ ಹಾಗೇ ರಾಗಗಳನ್ನು ವಿಂಗಡಿಸುವ ಹಿಂದೂಸ್ತಾನಿಯ ಥಾಟ್ ಪದ್ಧತಿಯ ಹಿಂದೆ ಆ ಓದು ಇದೆ. ಮ್ಯೂಸಿಕ್ ಅಕಾಡೆಮಿ ಅದನ್ನು ಅಚ್ಚು ಹಾಕಿದ್ದು 1934ರಲ್ಲಿ.

ಮಂದ್ರಸಪ್ತಕ

ತುಂಬ ಥ್ಯಾಂಕ್ಸ್. ವ್ಯಾಖ್ಯಾನ ನೋಡಿದೆ, ಕಲ್ಲಿನಾಥ ಒಬ್ಬನೇ. ಹಾಗಾದರೆ ಆನಂದಾಶ್ರಮದ್ದೇ. ಲಯಗಣಿತ ಸರ್, ಖಂಡಮೇರು ಕೂಡಿ ನೋಡಿದೆ, 5040 ಬಂತು!

ಕನ್ನಡದಲ್ಲಿ ಏನಾದರೂ ಇದೆಯಾ? ಇಷ್ಟೊಂದು ಗ್ರಂಥ ನಮ್ಮ ನೆಲದಲ್ಲೇ ಹುಟ್ಟಿದ್ದು ಅಂತ ಕೇಳಿದ್ದೇನೆ.

ಗ್ರಂಥಪಾಲಕಿ

ಇದೆ, ಆದರೆ ಹುಡುಕಬೇಕು. ಮೈಸೂರಿನ ರಾ. ಸತ್ಯನಾರಾಯಣ ಅವರು ರತ್ನಾಕರಕ್ಕೆ ‘ನಿಶ್ಶಂಕಹೃದಯ’ ಅಂತ ಕನ್ನಡ ವ್ಯಾಖ್ಯಾನ ಬರೆದಿದ್ದಾರೆ. ಹಳೇ ಪುಸ್ತಕದ ಅಂಗಡಿಯಲ್ಲಿ ಕಂಡರೆ ಬಿಡಬೇಡಿ. ನಾಟ್ಯಶಾಸ್ತ್ರಕ್ಕೆ ಶ್ರೀರಂಗರ ಕನ್ನಡ ಅನುವಾದ ಇದೆ.

ನಮ್ಮ ನೆಲದ್ದು ಅಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಮೊದಲು ಬರಬೇಕು. 12ನೇ ಶತಮಾನದ್ದು. ಕನ್ನಡವೂ ಸೇರಿ ದೇಶಭಾಷೆಗಳ ಹಾಡುಗಳ ಮಾದರಿ ಅದರಲ್ಲಿದೆ. ಬರೋಡದಿಂದ ಮೊದಲ ಸಂಪುಟ 1925ರಲ್ಲಿ, ಎರಡನೆಯದು 1939ರಲ್ಲಿ ಬಂತು. ಗೀತ, ವಾದ್ಯ, ನೃತ್ಯ ಇರುವ ಮೂರನೆಯದು 1961ರಲ್ಲಿ. ಇಲ್ಲಿಯೂ ಸಂಗೀತ ಕೊನೆಗೇ! ಸೋಮೇಶ್ವರನ ಮಗ ಜಗದೇಕಮಲ್ಲನ ಸಂಗೀತ ಚೂಡಾಮಣಿಯೂ ಅದೇ ಮಾಲೆಯಲ್ಲಿ ಬಂದಿದೆ.

ಶಿವಗಂಗೆ ಹತ್ತಿರದ ಸಾತನೂರಿನ ಪುಂಡರೀಕ ವಿಠ್ಠಲನನ್ನು ಮರೆಯಬಾರದು. ಇಲ್ಲಿಂದ ಖಾನ್‌ದೇಶದ ಬುರ್ಹಾನ್‌ಪುರಕ್ಕೆ ಹೋಗಿ, ಮುಂದೆ ಅಕ್ಬರನ ಆಶ್ರಯ ಪಡೆದು, ದಕ್ಷಿಣ ಉತ್ತರ ಎರಡೂ ಪದ್ಧತಿ ಬಲ್ಲವನಾಗಿ ಬರೆದ. ಅವನ ನರ್ತನನಿರ್ಣಯವನ್ನು ಸತ್ಯನಾರಾಯಣ ಅವರೇ ಸಂಪಾದಿಸಿ ಮೂರು ಸಂಪುಟದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ಮಾಲೆಗೆ ಕೊಟ್ಟರು, 1994ರಿಂದ 1998ರವರೆಗೆ. ಆ ಮಾಲೆಯಲ್ಲಿ ಬೃಹದ್ದೇಶಿಯನ್ನು ಪ್ರೇಮಲತಾ ಶರ್ಮಾ ಹೊಸದಾಗಿ ಸಂಪಾದಿಸಿದ್ದಾರೆ. 1928ರ ಅಚ್ಚನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮರುಮುದ್ರಣಕ್ಕೂ ಮರುಸಂಪಾದನೆಗೂ ಎಷ್ಟು ದೂರ ಅಂತ ಗೊತ್ತಾಗುತ್ತದೆ.

ಸುಮ್ನೆಕೇಳುಗ

ಕನ್ನಡ ವ್ಯಾಖ್ಯಾನವನ್ನು ನಾವೇ ಯಾರಾದರೂ ಸ್ಕ್ಯಾನ್ ಮಾಡಿ ಹಾಕಿದರೆ ಆಗಲ್ವಾ?

ಗ್ರಂಥಪಾಲಕಿ

ಶಾರ್ಙ್ಗದೇವನ ಶ್ಲೋಕಕ್ಕೆ ಹಕ್ಕುದಾರರಿಲ್ಲ. ವ್ಯಾಖ್ಯಾನಕ್ಕೆ, ಪೀಠಿಕೆಗೆ, ಅನುವಾದಕ್ಕೆ ಇದೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ. ಸತ್ಯನಾರಾಯಣ ಅವರು ತೀರಿಕೊಂಡದ್ದು 2020ರಲ್ಲಿ. ಹಕ್ಕು ಇರುವವರನ್ನು ಕೇಳಿ ಸರಿಯಾಗಿ ಮರುಮುದ್ರಿಸಬೇಕು, ಅದೊಂದೇ ದಾರಿ. ತೇಲಂಗರ ಆನಂದಾಶ್ರಮ ಪ್ರತಿಗೆ ಈ ತೊಂದರೆ ಇಲ್ಲ.

ಓಲೆಗರಿ

ಮಂದ್ರಸಪ್ತಕ ಅವರೇ, ನಿಮ್ಮ ಕೈಲಿರುವುದನ್ನು ಎಸೆಯಬೇಡಿ. ಗ್ರಂಥಾಲಯದಲ್ಲಿ ಒಳ್ಳೆ ಪ್ರತಿ ಹುಡುಕಿ ಕತ್ತರಿಸಿ ಹೋದ ಅಂಚುಗಳನ್ನು ಪೆನ್ಸಿಲಿನಲ್ಲಿ ತುಂಬಿಕೊಳ್ಳಿ. ಮೊದಲ ಪುಟದಲ್ಲಿ ತೇಲಂಗರ ಹೆಸರು, ಪುಣೆ, 1896 ಅಂತ ನೀವೇ ಬರೆದಿಡಿ. ಆಮೇಲೆ ಸಾಧ್ಯವಾದಾಗ ಅಡ್ಯಾರಿನ ಮೊದಲ ಸಂಪುಟ ತೆಗೆದುಕೊಳ್ಳಿ, ಸಿಂಹಭೂಪಾಲ ಹೊಸಬರಿಗೆ ಸುಲಭ. ಕಲ್ಲಿನಾಥ ವಿಜಯನಗರ ಕಾಲದವನು, ತನ್ನ ಕಾಲದ ಆಚರಣೆ ಹೇಗೆ ಬೇರೆ ಅಂತ ಅಲ್ಲಲ್ಲಿ ಹೇಳುತ್ತಾನೆ. ಅದು ಎರಡನೇ ಓದಿಗೆ ಇರಲಿ.

ಓದುವಾಗ ಎರಡನೇ ಪ್ರಕರಣ ಪಿಂಡೋತ್ಪತ್ತಿ ಬಂದರೆ ಗಾಬರಿಯಾಗಬೇಡಿ. ಗರ್ಭದ ಬೆಳವಣಿಗೆ, ಮೂಳೆ, ನಾಡಿ ಅಂತ ಶುರುಮಾಡುತ್ತಾನೆ. ಬೇರೆ ಪುಸ್ತಕದ ಪುಟಗಳು ಸೇರಿಕೊಂಡಿಲ್ಲ, ಅದು ಅವನದೇ. ನಾದ ಹುಟ್ಟುವುದು ದೇಹದಲ್ಲಿ, ಹಾಗಾಗಿ ದೇಹ ಮೊದಲು ಅನ್ನೋದು ಅವನ ಕ್ರಮ. ವೈದ್ಯವೂ ಗೊತ್ತಿದ್ದ ಮನುಷ್ಯ, ಸಿಂಘಣ ರಾಜನ ಲೆಕ್ಕಪತ್ರದ ಅಧಿಕಾರಿ ಬೇರೆ. ನೀವು ಅದನ್ನು ದಾಟಿ ಮೂರನೇ ಪ್ರಕರಣದ ನಾದ, ಶ್ರುತಿ, ಸ್ವರದಿಂದ ಶುರುಮಾಡಿ.